ತೋಟಕ್ಕೆ ಬಂದ ಇನ್ನೊಬ್ಬಳು

ಕನಕಗಿರಿಯ ಉಡಚಮ್ಮ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. ಉಳಿದವರೆಲ್ಲ ದಲಾಲರ ಕೈಯಿಂದ ಮಾಲು ಕೊಳ್ಳುತ್ತಿದ್ದ ಆ ಕಾಲದಲ್ಲಿ ಆಕೆ ಮಾತ್ರ ಬುಟ್ಟಿ ಹೊತ್ತು ನೇರವಾಗಿ ರೈತರ ಹೊಲಕ್ಕೇ ಹೋಗುತ್ತಿದ್ದಳು.

ಅದಕ್ಕೆ ಕಾರಣ ಹುಲಿಹೈದರದ ಮುದುಕಮ್ಮ. ಹೆಸರಷ್ಟೇ ಮುದುಕಮ್ಮ, ವಯಸ್ಸಿನಲ್ಲಿ ಉಡಚಮ್ಮನಿಗಿಂತ ಎಷ್ಟೋ ಚಿಕ್ಕವಳು. ಗಂಡ ಹುಲಗಪ್ಪನ ಜೊತೆ ಬಾವಿಯ ಪಕ್ಕದ ತುಂಡು ಭೂಮಿಯಲ್ಲಿ ಬದನೆ, ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯುತ್ತಿದ್ದಳು. ಒಂದು ಸಂತೆಯ ದಿನ ದಲಾಲನೊಬ್ಬ ಆಕೆಯ ಬುಟ್ಟಿಯನ್ನು ನೆಲಕ್ಕೆ ಸುರಿದು, ಎಲ್ಲ ಹುಳುಕು ಎಂದು ಕಾಲಿನಿಂದ ಸರಿಸಿದ. ಅದನ್ನು ನೋಡುತ್ತಿದ್ದ ಉಡಚಮ್ಮ ಎದ್ದು ಬಂದು ಕಾಯಿಗಳನ್ನೆಲ್ಲ ಸೆರಗಿಗೆ ಆರಿಸಿಕೊಂಡಳು. ಇನ್ನು ಮೇಲೆ ಸಂತೆಗೆ ಹೊತ್ತು ತರಬೇಡ, ನಾನೇ ನಿಮ್ಮ ಹೊಲಕ್ಕೆ ಬಂದು ಒಯ್ಯುತ್ತೇನೆ ಎಂದಳು.

ಹಾಗೆ ಶುರುವಾದದ್ದು ವ್ಯಾಪಾರವಾಗಿಯಷ್ಟೇ ಉಳಿಯಲಿಲ್ಲ. ಕಾಯಿ ಕೀಳುತ್ತ ಇಬ್ಬರೂ ಲೋಕದ ಮಾತೆಲ್ಲ ಆಡುತ್ತಿದ್ದರು. ಉಡಚಮ್ಮ ಸಂತೆಯ ಜನರ ನಡೆನುಡಿ ಮಾಡಿ ತೋರಿಸಿದರೆ ಮುದುಕಮ್ಮ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಆಮೇಲೆ ಗುಡಿಸಲಿಗೆ ಕರೆದು ರೊಟ್ಟಿ, ಎಣ್ಣೆಗಾಯಿ ಕೊಡುತ್ತಿದ್ದಳು. ಉಡಚಮ್ಮನಿಗೆ ಮಕ್ಕಳಿರಲಿಲ್ಲ. ಗಂಡ ದ್ಯಾವಪ್ಪ ಕೆಟ್ಟವನಲ್ಲ, ಆದರೆ ಮಾತಿಲ್ಲದ ಮನುಷ್ಯ. ವಾರವೆಲ್ಲ ಆಕೆ ಆ ನಗುವಿಗಾಗಿ ಕಾಯುತ್ತಿದ್ದಳು.

ಯುದ್ಧದಿಂದಾಗಿ ಸೀಮೆಎಣ್ಣೆಗೆ ಬರ ಬಂದ ವರ್ಷ, ಒಂದು ಮುಂಜಾನೆ ತೋಟದ ಬೇವಿನ ಗಿಡದಡಿ ಎತ್ತಿನ ಗಾಡಿ ನಿಂತಿತ್ತು. ಅದು ಶಾಹಜಾದಬಿಯದು. ಗಂಡ ಮದಾರಸಾಬ ತೀರಿಕೊಂಡ ಮೇಲೆ ಆಕೆ ತಾನೇ ಗಾಡಿ ಹೊಡೆಯುತ್ತ, ಹಳ್ಳಿಗಳಲ್ಲಿ ಮಾಲು ಕೊಂಡು ಗಂಗಾವತಿಯವರೆಗೆ ಒಯ್ಯುತ್ತಿದ್ದಳು. ಉಡಚಮ್ಮ ಗುಡಿಸಲ ಹತ್ತಿರ ಹೋಗುವಷ್ಟರಲ್ಲಿ ಒಳಗಿನಿಂದ ಮುದುಕಮ್ಮನ ನಗು ಕೇಳಿಸಿತು. ತಾನು ಯಾವಾಗಲೂ ಕೂರುವ ಜಾಗದಲ್ಲಿ ಶಾಹಜಾದಬಿ ಕೂತು ರೊಟ್ಟಿ ಮುರಿಯುತ್ತಿದ್ದಳು.

ಉಡಚಮ್ಮನಿಗೆ ಅಂದು ಊಟ ಸೇರಲಿಲ್ಲ. ಆಕೆ ಯಾಕೆ ಬಂದಳು ಎಂದು ಮುದುಕಮ್ಮನನ್ನು ಕೇಳಿದಳು.

"ನೀ ಹೊರೂದು ಒಂದ ಬುಟ್ಟಿ, ಯವ್ವಾ. ಉಳಿದದ್ದು ಗಿಡದಾಗ ಬಲಿತು ಹೋಗತೈತಿ. ಆಕಿ ಗಾಡಿ ತರ್ತಾಳ" ಎಂದಳು ಮುದುಕಮ್ಮ.

ಮಾತು ನ್ಯಾಯವಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು. ಉಡಚಮ್ಮ ಮರುವಾರ ನಸುಕಿನಲ್ಲೇ ಹೊರಟಳು, ಆದರೂ ಗಾಡಿ ಆಕೆಗಿಂತ ಮುಂಚೆಯೇ ಬಂದಿತ್ತು. ಶಾಹಜಾದಬಿ ತಂದುಕೊಟ್ಟ ಹಸಿರು ಬಳೆಗಳು ಮುದುಕಮ್ಮನ ಕೈಯಲ್ಲಿದ್ದವು. ಮನೆಗೆ ಬಂದವಳೇ ಉಡಚಮ್ಮ ಒಲೆಯ ಮುಂದೆ ಕೂತು, ತಾನು ಇಷ್ಟು ವರ್ಷದಲ್ಲಿ ಆಕೆಗೆ ಏನೂ ಒಯ್ದಿರಲಿಲ್ಲವೆಂದು ನೆನೆಸಿ ಅತ್ತಳು. ಅತ್ತ ಮೇಲೆ ಒಂದು ಸುಳ್ಳು ಹೊಳೆಯಿತು.

ತಕ್ಕಡಿಯಲ್ಲಿ ಕಲ್ಲು ಇಡುವ ತಟ್ಟೆಯ ಕೆಳಗೆ ಶಾಹಜಾದಬಿ ಹುಣಸೆಹಣ್ಣು ಮೆತ್ತಿರುತ್ತಾಳೆ, ಅದಕ್ಕೇ ನಿಮ್ಮ ಕಾಯಿ ಹೆಚ್ಚು ಹೋಗುತ್ತದೆ ಎಂದು ಆಕೆ ಮುದುಕಮ್ಮನಿಗೆ ಹೇಳಿದಳು. ಸಂತೆಯಲ್ಲಿ ಕಣ್ಣಾರೆ ಕಂಡೆ ಎಂದೂ ಸೇರಿಸಿದಳು. ಮುದುಕಮ್ಮ ನಂಬಿದಳು. ಮುಂದಿನ ವಾರ ಹುಲಗಪ್ಪ ಹೊಲದ ಬದುವಿನಲ್ಲೇ ಗಾಡಿ ತಡೆದು, ಕಾರಣ ಹೇಳದೆ ಹಿಂದಕ್ಕೆ ಕಳಿಸಿದ.

ಉಡಚಮ್ಮ ಬಯಸಿದ್ದು ಸಿಕ್ಕಿತ್ತು. ಆದರೆ ಆ ಚಳಿಗಾಲ ಬದನೆ ಗಿಡ ಮುರಿದು ಬೀಳುವಷ್ಟು ಕಾಯಿ ಬಿಟ್ಟಿತು. ಆಕೆ ತಲೆಯ ಮೇಲೊಂದು, ಕಂಕುಳಲ್ಲೊಂದು ಬುಟ್ಟಿ ಹೊತ್ತಳು. ಉಳಿದ ಕಾಯಿ ಹಳದಿಯಾಗಿ, ಬೀಜಗಟ್ಟಿ, ಕೊನೆಗೆ ಎತ್ತಿನ ಮುಂದೆ ಬಿದ್ದವು. ಮುದುಕಮ್ಮ ಆಕೆಯನ್ನು ಬಯ್ಯಲಿಲ್ಲ, ನಗುವುದನ್ನು ಮಾತ್ರ ಬಿಟ್ಟಳು. ಸಂತೆಯವರ ನಡೆನುಡಿ ಮಾಡಿ ತೋರಿಸಿದರೂ ಸುಮ್ಮನೆ ಕಾಯಿ ಕೀಳುತ್ತಿದ್ದಳು. ಒಮ್ಮೆ, ಶಾಹಜಾದಬಿ ಅಂಥಾಕೆ ಅಂತ ಅನಿಸಿರಲಿಲ್ಲ ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಉಡಚಮ್ಮ ಎದುರಿಗೇ ಇದ್ದರೂ ಆಕೆಯ ಮನಸ್ಸೆಲ್ಲ ಶಾಹಜಾದಬಿಯ ಮೇಲೇ ಇತ್ತು.

ಕೊನೆಗೆ ಉಡಚಮ್ಮ ಶಾಹಜಾದಬಿಯ ಮನೆಗೆ ಹೋದಳು. ಆಕೆ ಅಂಗಳದಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದಳು. ತೋಟಕ್ಕೆ ಗಾಡಿ ಬೇಕು ಎಂದು ಉಡಚಮ್ಮ ಕೇಳಿದಳು.

"ಹುಣಸಿಹಣ್ಣಿನ ಮಾತು ಮಂದಿ ಬಾಯಾಗ ಕೇಳೀನಿ. ಯಾರು ಹೇಳ್ಯಾರ ಅಂತನೂ ನನಗ ಗೊತ್ತೈತಿ" ಎಂದಳು ಶಾಹಜಾದಬಿ, ತಿರುಗಿ ನೋಡದೆ. "ಗಾಡಿ ಹೂಡ್ತೀನಿ. ಆಕಿ ಮುಂದ ನೀನ ಹೇಳಬೇಕು."

ತೋಟದಲ್ಲಿ ಉಡಚಮ್ಮ ಗಾಡಿಯಿಂದಿಳಿದು, ಮುದುಕಮ್ಮನ ಮುಂದೆ ನಿಂತು, ಅದು ಸುಳ್ಳು ಎಂದಳು.

"ಯಾಕ ಹೇಳಿದಿ?"

"ನೀ ಆಕಿ ಕೂಡ ನಕ್ಕಿ."

ಮುದುಕಮ್ಮ ಗಿಡಗಳ ಕಡೆ ತಿರುಗಿ, "ಬುಟ್ಟಿ ತಗೊಂಡು ಬರ್ರಿ, ಬಿಸಲ ಏರತೈತಿ" ಎಂದಳು. ಅಂದಿನವರೆಗೆ ಬಾ, ಹೋಗು ಎಂದೇ ಕರೆಯುತ್ತಿದ್ದವಳು ಉಡಚಮ್ಮನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಮುಂದೆಯೂ ಹಾಗೇ ಉಳಿಯಿತು.

ಅಲ್ಲಿಂದ ಉಡಚಮ್ಮ, ಶಾಹಜಾದಬಿ ಇಬ್ಬರೂ ಒಂದೇ ಗಾಡಿಯಲ್ಲಿ ಹೋಗಿಬರತೊಡಗಿದರು. ಹುಲಿಹೈದರದ ಇನ್ನೂ ಕೆಲವು ಮನೆಯವರು ದಲಾಲರನ್ನು ಬಿಟ್ಟು ಅವರಿಗೇ ಮಾಲು ಕೊಟ್ಟರು. ಕುಷ್ಟಗಿಯ ಸಂತೆಗೂ ಉಳ್ಳಾಗಡ್ಡಿ ಹೋಯಿತು. ಮಧ್ಯಾಹ್ನ ಮುದುಕಮ್ಮ ಶಾಹಜಾದಬಿಯನ್ನು ಉಣ್ಣಲು ಬಾ ಎಂದು ಕೂಗುತ್ತಿದ್ದಳು, ಆಮೇಲೆ ಉಡಚಮ್ಮನಿಗೆ ನೀವೂ ಬರ್ರಿ ಎನ್ನುತ್ತಿದ್ದಳು. ಉಡಚಮ್ಮ ಹೋಗಿ ಉಣ್ಣುತ್ತಿದ್ದಳು.

ಎಷ್ಟೋ ದಿನಗಳ ಮೇಲೆ, ಹಿಂತಿರುಗುವ ದಾರಿಯಲ್ಲಿ ಶಾಹಜಾದಬಿ ಕೇಳಿದಳು: "ಇನ್ನೂ ಹೊಟ್ಟಿ ಉರೀತೈತೇನಕ್ಕ?"

"ಉರೀತೈತಿ."

ಶಾಹಜಾದಬಿ ನಕ್ಕು, ತಾನು ಬಿಸಿಲಿಗೆ ಸರಿದು, ನೆರಳಿದ್ದ ಕಡೆ ಆಕೆಗೆ ಜಾಗ ಬಿಟ್ಟಳು.