ಅಮೆರಿಕದ ಮಣ್ಣು, ಅಮಾವಾಸ್ಯೆಯ ಎತ್ತು

ಇದು ೨೦೦೬ರ ಜೂನ್ ತಿಂಗಳ ಮಾತು. ಹೈದರಾಬಾದಿನಲ್ಲಿ ಆಗ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಯಾರನ್ನು ಕೇಳಿದರೂ ಕಂಪ್ಯೂಟರ್ ಕೆಲಸ. ನಾನೂ ಮೈಸೂರಿನಿಂದ ಹೋಗಿ ಅಂಥದ್ದೇ ಒಂದು ಕಂಪನಿ ಸೇರಿದ್ದೆ. ಕೂಕಟ್‌ಪಲ್ಲಿಯಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಆ ತಿಂಗಳು ನನ್ನ ಸಂಬಳದಲ್ಲೇ ಒಂದು ಬಿಳಿ ಕಾರು ಕೊಂಡೆ. ನಮ್ಮ ಮನೆತನಕ್ಕೇ ಮೊದಲ ಕಾರು ಅದು. ನನ್ನ ಕಾಲು ನೆಲದ ಮೇಲಿರಲಿಲ್ಲ ಅಂತ ಬೇರೆ ಹೇಳಬೇಕೆ?

ಕೆಳಗಿನ ಮನೆಯಲ್ಲಿ ಮಾಲೀಕರಿದ್ದರು. ನಾನು ಕಾಕಾ ಎಂದು ಕರೆಯುತ್ತಿದ್ದ ಯಜಮಾನರು ನಾಂಪಲ್ಲಿಯ ಸರಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಅವರ ಹೆಂಡತಿ ಶಾಂತಾ ಕಾಕು. ಇಬ್ಬರೂ ಮೂಲದಲ್ಲಿ ಬಾಗಲಕೋಟೆ ಕಡೆಯವರು. ತರಕಾರಿಯವನ ಜೊತೆ ತೆಲುಗು, ಹಾಲಿನವನ ಜೊತೆ ಹಿಂದಿ, ಬಾಗಿಲು ದಾಟಿ ಒಳಗೆ ಬಂದರೆ ಅಪ್ಪಟ ಜವಾರಿ ಕನ್ನಡ. ನಾನು ಮಾತಾಡಿದರೆ ರೇಡಿಯೋ ಹಚ್ಚಿದ ಹಾಗೆ ಆಗುತ್ತದೆ ಎಂದು ಕಾಕು ನನ್ನ ಮೈಸೂರು ಕನ್ನಡವನ್ನು ಆಡಿಕೊಂಡು ನಗುತ್ತಿದ್ದರು.

ಕಾರು ಬರುತ್ತದೆ ಎಂದು ತಿಳಿದಾಗ ನನಗಿಂತ ಹೆಚ್ಚು ಸಂಭ್ರಮಪಟ್ಟವರು ಕಾಕಾ. ಬೇಡ ಅಂದರೂ ಕೇಳದೆ ಮುಂದಿನ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿದರು. ಗೋಡೆ ಪಕ್ಕದ ಕರಿಬೇವಿನ ಗಿಡದ ಬುಡದವರೆಗೂ ನೆಲ ಗಟ್ಟಿಯಾಯಿತು. ಕಾಕು ಅದನ್ನು ನೋಡುತ್ತಾ ನಿಂತು, ಈ ಸಲ ಅಮಾವಾಸ್ಯೆಗೆ ಮಣ್ಣು ಎಲ್ಲಿಂದ ತರಬೇಕೋ ಏನೋ ಎಂದರು. ನನ್ನ ಕಿವಿಗೆ ಫೋನ್ ಅಂಟಿಕೊಂಡಿತ್ತು. ಯಾವ ಅಮಾವಾಸ್ಯೆ, ಎಂಥ ಮಣ್ಣು ಎಂದು ಕೇಳುವ ವ್ಯವಧಾನವಿಲ್ಲದೆ ಸುಮ್ಮನೆ ತಲೆಯಾಡಿಸಿದೆ.

ಕಾರು ಬಂತು. ಕಣ್ಣಿಗೆ ಫಳಫಳ ಹೊಳೆಯುತ್ತಿತ್ತು. ಆದರೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿದರೆ ಉಪ್ಪುಕಾಗದದ ಹಾಗೆ ಗರಗರ. ಹೀಗೆ ಸವರಿ ನೋಡುವುದನ್ನು ನಾನು ಇಂಟರ್ನೆಟ್‌ನಲ್ಲಿ ಓದಿ ಕಲಿತಿದ್ದೆ. ನನ್ನ ಕೈಗೆ ಬರುವ ಮೊದಲು ಕಾರು ನಾಚಾರಂನಲ್ಲಿ ಕಾರ್ಖಾನೆಗಳ ನಡುವಿನ ಬಯಲಿನಲ್ಲಿ ಕೆಲವು ವಾರ ನಿಂತಿತ್ತಂತೆ. ಅಲ್ಲಿ ಹಾರುವ ಕಬ್ಬಿಣದ ಪುಡಿ ಬಣ್ಣಕ್ಕೆ ಕಚ್ಚಿಕೊಂಡಿತ್ತು. ಮಳೆ ಹಿಡಿದರೆ ಆ ಪುಡಿ ತುಕ್ಕಾಗಿ ಬಿಳಿ ಮೈತುಂಬ ಕಂದು ಚುಕ್ಕೆ. ತೆಗೆಯದೆ ಮೇಲೇ ವ್ಯಾಕ್ಸ್ ಹಚ್ಚಿದರೆ ಕೊಳೆಯನ್ನು ಒಳಗಿಟ್ಟು ಬೀಗ ಹಾಕಿದಂತೆ. ಮೋಡಗಳು ದಿನಾ ಬಂದು ಮುಖ ತೋರಿಸಿ ಹೋಗುತ್ತಿದ್ದವು. ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಇದಕ್ಕೆಂದೇ ಒಂದು ಬಗೆಯ ಜೇಡಿಮಣ್ಣು ಬರುತ್ತದೆ. ಕಾರನ್ನು ತೊಳೆದು, ಸೋಪಿನ ನೀರು ಚಿಮುಕಿಸಿ, ಆ ಮಣ್ಣನ್ನು ಮೆಲ್ಲಗೆ ಜಾರಿಸಿದರೆ ಕಚ್ಚಿಕೊಂಡ ಪುಡಿಯನ್ನೆಲ್ಲ ಅದು ಎಳೆದುಕೊಳ್ಳುತ್ತದೆ. ಆಮೇಲೆ ಬಣ್ಣ ಕಾಯುವ ಸೀಲಂಟ್, ಅದರ ಮೇಲೆ ಹೊಳಪಿಗೆ ವ್ಯಾಕ್ಸ್. ಆಗ ಅದು ನಮ್ಮಲ್ಲಿ ಸಿಗುತ್ತಿರಲಿಲ್ಲ. ಅಮೆರಿಕಕ್ಕೆ ಹೋಗಿದ್ದ ಸಹೋದ್ಯೋಗಿಯೊಬ್ಬಳನ್ನು ಗೋಗರೆದು ತರಿಸಿಕೊಂಡೆ. ನೀಲಿ ಬಣ್ಣದ, ಮೈಸೋಪಿನಷ್ಟು ದೊಡ್ಡ ಮುದ್ದೆ. ಅದನ್ನು ಶನಿವಾರ ಸಂಜೆ ಕೆಳಗಿನ ಕಟ್ಟೆಯ ಮೇಲಿಟ್ಟು, “ಕಾಕು, ಅಮೆರಿಕದಿಂದ ಮಣ್ಣು ತರಿಸಿದೀನಿ, ನಾಳೆಗೆ ಬೇಕು, ಸ್ವಲ್ಪ ನೋಡ್ಕೊಳ್ಳಿ” ಎಂದು ಕೂಗಿ ಹೇಳಿ ಮೆಟ್ಟಿಲು ಹತ್ತಿದೆ. ಕಾರಿಗೆ ಎಂಬ ಒಂದು ಮಾತು ಬಾಯಿಂದ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದು ಕಾರು ತೊಳೆದೆ, ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ಮಣ್ಣು ತರಲು ಹೋದರೆ ಕಟ್ಟೆ ಖಾಲಿ. ಕಟ್ಟೆಯ ಕೆಳಗೆ ಬಗ್ಗಿ ಹುಡುಕಿದೆ. ಅಷ್ಟರಲ್ಲಿ ಕಾಕು ಒಳಗಿನಿಂದ ಕರೆದರು. ರೇಷ್ಮೆ ಸೀರೆ ಉಟ್ಟಿದ್ದರು, ಮನೆಯೆಲ್ಲ ಹೋಳಿಗೆಯ ಘಮ. ನನ್ನ ಕೈ ಹಿಡಿದು ದೇವರ ಜಗಲಿಯ ಮುಂದೆ ನಿಲ್ಲಿಸಿದರು. ಅಲ್ಲಿ ನನ್ನ ಮಣ್ಣಿತ್ತು. ಎರಡು ಪುಟ್ಟ ನೀಲಿ ಎತ್ತುಗಳಾಗಿ, ಹಣೆಗೆ ಕುಂಕುಮ ಹಚ್ಚಿಸಿಕೊಂಡು, ಜೋಳದ ಕಾಳಿನ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು.

ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಮೈಸೂರಿನಲ್ಲಿ ಆ ಹಬ್ಬವಿಲ್ಲ, ನನಗೆ ಗಂಧಗಾಳಿಯೂ ಗೊತ್ತಿರಲಿಲ್ಲ. ಬಿತ್ತನೆಯ ಕಾಲದಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸಬೇಕಂತೆ. ಈ ಮನೆ ಕಟ್ಟಿದಾಗ ಕಾಕು ತವರಿನ ಹೊಲದ ಎರೆಮಣ್ಣನ್ನು ಚೀಲದಲ್ಲಿ ತಂದು ಕರಿಬೇವಿನ ಬುಡಕ್ಕೆ ಹಾಕಿದ್ದರಂತೆ. ಪ್ರತಿವರ್ಷ ಅದರಲ್ಲೇ ಒಂದು ಹಿಡಿ ತೆಗೆದು ಎತ್ತು ಮಾಡಿ, ಮರುದಿನ ನೀರಲ್ಲಿ ಕರಗಿಸಿ, ಆ ನೀರನ್ನು ಮತ್ತೆ ಅಲ್ಲಿಗೇ ಸುರಿಯುತ್ತಿದ್ದರಂತೆ. ಈ ಸಲ ಅದರ ಮೇಲೆ ಸಿಮೆಂಟ್ ಬಿದ್ದಿತ್ತು. ಅದೂ ನನ್ನ ಕಾರಿಗಾಗಿ.

“ಸಿಮೆಂಟ್ ಹಾಕಿಸಿದಾಗಿಂದ ನಾ ಯಾರ ಮುಂದನೂ ಏನೂ ಅಂದಿಲ್ಲವಾ,” ಎಂದು ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. “ನೀ ಒಬ್ಬಾಕಿ ತಿಳ್ಕೊಂಡಿ ನೋಡು. ಅಷ್ಟ ದೂರದಿಂದ ಮಣ್ಣ ತರಿಸಿದಿ.”

ನಿಜ ಹೇಳಲು ಬಾಯಿ ತೆರೆದೆ, ಅದರೊಳಗೆ ಹೋಳಿಗೆ ಬಂತು. ತುಪ್ಪ ಸುರಿದು ಬಡಿಸಿದರು, ಕೂತು ಉಂಡೆ. ಹೋಳಿಗೆ ಏನೋ ಸೊಗಸಾಗಿತ್ತು, ಆದರೆ ಕಿಟಕಿಯಾಚೆ ಮೋಡ ಕವಿಯುತ್ತಿತ್ತು. ಒಂದು ಕಣ್ಣು ಕಾರಿನ ಮೇಲೆ, ಇನ್ನೊಂದು ಎತ್ತುಗಳ ಮೇಲೆ. ನನ್ನ ಸಂಕಟ ಯಾರಿಗೂ ಬೇಡ. ಪುಣ್ಯಕ್ಕೆ ಅವತ್ತು ಮಳೆ ಬರಲಿಲ್ಲ.

ಸೋಮವಾರ ನನಗೆ ಮಧ್ಯಾಹ್ನದ ಶಿಫ್ಟ್. ಬೆಳಿಗ್ಗೆ ಕೆಳಗಿಳಿದಾಗ ಕಾಕು ಹಿತ್ತಾಳೆಯ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ನೀರಲ್ಲಿ ಎರಡೂ ಎತ್ತುಗಳು ಗಟ್ಟಿಮುಟ್ಟಾಗಿ ನಿಂತಿದ್ದವು. ಕುಂಕುಮ ತೊಳೆದುಹೋಗಿತ್ತು, ಆದರೆ ಕೊಂಬಿನ ತುದಿಯೂ ಸವೆದಿರಲಿಲ್ಲ. ಸವೆಯುವುದಾದರೂ ಹೇಗೆ? ಅದು ನೀರಲ್ಲಿ ಕರಗುವ ಮಣ್ಣೇ ಅಲ್ಲ. ಕಾಕಾ ಪೇಪರಿನ ಹಿಂದಿನಿಂದ, “ಅಮೆರಿಕಾದ ಎತ್ತಲ್ಲೇನ, ವೀಸಾ ಮುಗಿಯೂಮಟ ಹೋಗಂಗಿಲ್ಲ ಬಿಡು” ಎಂದರು. ಕಾಕು ನಗಲಿಲ್ಲ.

“ಸುಮಾ, ಇವು ಕರಗವಲ್ಲವು ನೋಡು,” ಎಂದರು. ಮುಖ ಬಾಡಿತ್ತು. “ಪೂಜಿಯೊಳಗ ನಂದೇನರ ತಪ್ಪಾತೇನು?”

ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಅವರ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಇದು ಹೊಲದ ಮಣ್ಣಲ್ಲ ಕಾಕು, ಕಾರು ಉಜ್ಜುವ ಮಣ್ಣು, ನಿಮ್ಮ ಕಡೆಯಿಂದ ಏನೂ ತಪ್ಪಾಗಿಲ್ಲ ಎಂದೆ. ನೀವು ಅವತ್ತು ಮಣ್ಣಿನ ಮಾತಾಡಿದ್ದು ನನ್ನ ತಲೆಗೆ ಹೋಗಿರಲೇ ಇಲ್ಲ ಎಂದೂ ಹೇಳಿದೆ. ಕಾಕು ಬೋಗುಣಿಯನ್ನೇ ನೋಡುತ್ತಾ ಕೂತರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ಇಲ್ಲ, ನಗುತ್ತಿದ್ದರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. “ಕಾರ ತಿಕ್ಕೂ ಮಣ್ಣಿಗೆ ಆರತಿ ಮಾಡೀನಲ್ಲೋ ಶಿವನೇ” ಎಂದರು.

ನೀರಲ್ಲಿ ಕೈ ಹಾಕಿ ಎತ್ತುಗಳನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ನಾನು ಹಿಂಜರಿದೆ. ಪೂಜೆ ಮಾಡಿದ್ದನ್ನು ಕಾರಿಗೆ ಹೇಗೆ ಉಜ್ಜುವುದು?

“ಎತ್ತು ಹಬ್ಬದ ದಿನ ಅಷ್ಟ ಕುಂತು ಉಣ್ಣತಾವ ನಮ್ಮವ್ವಾ,” ಎಂದರು ಕಾಕು. “ಮರುದಿನ ದುಡೀಬೇಕು. ತಗೋ, ಹೂಡು.”

ಬಣ್ಣಕ್ಕೆ ಗೀರು ಬೀಳಬಾರದಲ್ಲ, ಜೋಳದ ಕಣ್ಣುಗಳನ್ನು ಅವರೇ ಉಗುರಿನಿಂದ ಮೆಲ್ಲಗೆ ಬಿಡಿಸಿದರು. ಒಂದು ಎತ್ತು ಅವರಿಗೆ, ಒಂದು ನನಗೆ. ಸೋಪಿನ ನೀರು ಚಿಮುಕಿಸಿ ನಾನು ಬಾಗಿಲುಗಳಿಗೆ ಹೊರಟೆ, ಅವರು ಸೀರೆ ಎತ್ತಿ ಕಟ್ಟಿ ಬಾನೆಟ್ಟಿಗೆ ನಿಂತರು. ಗುಂಡಗೆ ಉಜ್ಜಬಾರದು, ನೇರ ಗೆರೆ ಎಳೆಯಬೇಕು ಎಂದು ಹೇಳಿಕೊಟ್ಟೆ. ಬಿತ್ತುವಾಗ ಸಾಲು ಹಿಡಿಯುವುದೂ ಹಾಗೇ, ನನಗೇನು ಕಲಿಸುತ್ತಿ ಎಂದು ಗದರಿದರು. ನೀಲಿ ಮಣ್ಣು ನೋಡನೋಡುತ್ತ ಕಂದಾಯಿತು. ಇಷ್ಟು ಹೊಲಸಿತ್ತೇ ಎಂದು ಕಾಕು ಮತ್ತೆ ಮತ್ತೆ ಮಡಚಿ ನಾದಿದರು. ಕೊನೆಗೆ ಕೈಗೆ ಚೀಲ ಹಾಕಿಕೊಂಡು ಅವರೇ ಸವರಿದರು. ಈಗ ಗರಗರ ಇಲ್ಲ, ಕೈ ತಾನಾಗಿ ಜಾರಿತು. “ಎಳೀಕೂಸಿನ ಗಲ್ಲದಂಗ ಆಗೇತಿ,” ಎಂದರು. ಒರೆಸಿ, ಸೀಲಂಟ್ ಹಚ್ಚಿ, ಅದು ಹಿಡಿದ ಮೇಲೆ ವ್ಯಾಕ್ಸ್ ಬಳಿದು ಮುಗಿಸುವಷ್ಟರಲ್ಲಿ ಆಫೀಸಿಗೆ ತಡವಾಯಿತು. ಆಗಲಿ ಬಿಡಿ, ಅಂಥ ಸುಖದ ತಡ ನನಗೆ ಮತ್ತೆ ಆಗಿಲ್ಲ. ಮಳೆ ಎರಡು ದಿನ ಬಿಟ್ಟು ಸುರಿಯಿತು. ಬಿಳಿ ಮೈಮೇಲೆ ಹನಿಗಳು ಮುತ್ತು ಮುತ್ತಾಗಿ ನಿಂತು ಉರುಳಿದವು. ಕಾಕು ನನ್ನನ್ನು ಕೂಗಿ ಕರೆದು ತೋರಿಸಿದರು.

ಆದರೂ ಅವರ ಎತ್ತು ಕರಗದೇ ಉಳಿದದ್ದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆ ವಾರವೇ ಕಾಕಾನಿಗೆ ಹೇಳಿ ಕರಿಬೇವಿನ ಸುತ್ತ ಸಿಮೆಂಟ್ ಒಡೆಸಿದೆ. ಕಾರಿಗೆ ಜಾಗ ಸಾಲುವುದಿಲ್ಲ ಎಂದು ಕಾಕಾ ಗೊಣಗಿದರು. ಕಾರೇ ಸ್ವಲ್ಪ ಸರಿದು ನಿಲ್ಲಲಿ ಎಂದೆ. ಗಾರೆಯವನು ಚಪ್ಪಡಿ ಎತ್ತಿದಾಗ ಕೆಳಗೆ ಕರೀ ಎರೆಮಣ್ಣು ಹಾಗೇ ತಣ್ಣಗಿತ್ತು. ಕಾಕು ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತರು.

ಮುಂದಿನ ವರ್ಷ ಅಮಾವಾಸ್ಯೆಯ ಬೆಳಿಗ್ಗೆ ನನ್ನ ಬಾಗಿಲು ಬಡಿದರು. ಕಾರು ಸರಿಸು, ಮಣ್ಣು ತೆಗೆಯಬೇಕು ಎಂದರು. ಕಣ್ಣುಜ್ಜಿಕೊಳ್ಳುತ್ತ ಹೋಗಿ ಸರಿಸಿದೆ. ಮರುದಿನ ಬೋಗುಣಿಯ ಮುಂದೆ ಇಬ್ಬರೂ ಕೂತು ನೋಡಿದೆವು. ಮೊದಲು ಕೊಂಬು ಹೋಯಿತು, ಆಮೇಲೆ ಕಿವಿ, ಆಮೇಲೆ ಬೆನ್ನು. ನೀರು ಕಪ್ಪಗಾಯಿತು.

ಆ ಕಾರನ್ನು ಮಾರಿ ಬಹಳ ಕಾಲವಾಯಿತು, ನಾನೂ ಮೈಸೂರಿಗೆ ಮರಳಿದ್ದೇನೆ. ಕಾಕು ಪ್ರತಿವರ್ಷ ಆ ದಿನ ತಪ್ಪದೆ ಫೋನ್ ಮಾಡುತ್ತಾರೆ. ಹಬ್ಬ, ಊಟ, ಕಾಕಾನ ಮಂಡಿನೋವು ಎಲ್ಲ ಆದ ಮೇಲೆ ಕೊನೆಗೆ ಒಂದು ಮಾತು ಹೇಳಿ ನಗುತ್ತಾರೆ. ಅದನ್ನು ಕೇಳುವವರೆಗೆ ನನಗೂ ಫೋನ್ ಇಡಲು ಮನಸ್ಸಾಗುವುದಿಲ್ಲ.

“ಎತ್ತು ಕರಗಿದವು, ಸುಮಾ.”