ಹೆಗಲಲ್ಲಿದ್ದ ತಾಂಬೂಲದ ಚೀಲ

ವಾಪಸಾಗುವ ರೈಲಿನಲ್ಲಿ ಬರೆಯುತ್ತಿದ್ದೇನೆ. ಮುಖದ ಬಿಸಿ ಇನ್ನೂ ಆರಿಲ್ಲ.

ಸ್ವೀಡನ್ನಿನ ಆ ಪುಟ್ಟ ಊರಿನ ಯಹೂದಿ ಪ್ರಾರ್ಥನಾ ಮಂದಿರ ಹೊರಗಿನಿಂದ ಹಳೆಯ ಬ್ಯಾಂಕಿನ ಹಾಗಿದೆ. ಒಳಗೆ ನೀಲಿ ಚಾವಣಿಯ ತುಂಬ ಬಂಗಾರದ ನಕ್ಷತ್ರಗಳು. ತಲೆಯೆತ್ತಿ ನೋಡುತ್ತಿದ್ದ ನನ್ನ ತೋಳನ್ನು ಮಗಳು ಜಗ್ಗಿದಳು.

"ಅಮ್ಮಾ, ಬ್ಯಾಗ್! ಪ್ಲೀಸ್!"

ನನ್ನ ಹೆಗಲಲ್ಲಿದ್ದದ್ದು ಅಕ್ಕನ ಗೃಹಪ್ರವೇಶದಲ್ಲಿ ತಾಂಬೂಲ ಹಾಕಿ ಕೊಟ್ಟಿದ್ದ ಬಟ್ಟೆಚೀಲ. ಅದರ ಮೇಲೆ ಅಂಗೈಯಗಲದ ಕೆಂಪು ಸ್ವಸ್ತಿಕ.

ಮಂದಿರ ತೋರಿಸುತ್ತಿದ್ದ ವಯಸ್ಸಾದ ಹೆಂಗಸಿನ ಕಣ್ಣು ಚೀಲದ ಮೇಲಿತ್ತು. ನಾನು ಇಂಗ್ಲಿಷಿನಲ್ಲಿ ಪಾಠ ಶುರುಮಾಡಿದೆ: "ನಮ್ಮಲ್ಲಿ ಇದು ಮಂಗಳಕರ. ನಾಜಿಗಳದ್ದು ಬೇರೆ."

"ಗೊತ್ತು," ಎಂದರು ಅವರು ಮೆಲ್ಲಗೆ. "ಆದರೆ ಮೇಲೆ ನಮ್ಮಮ್ಮ ಕೂತಿದ್ದಾರೆ."

ಹೆಂಗಸರು ಕೂರಲೆಂದೇ ಇರುವ ಉಪ್ಪರಿಗೆಯಲ್ಲಿ ನೂರರ ಹತ್ತಿರದ ಮುದುಕಿಯೊಬ್ಬರು ಕಟಕಟೆ ಹಿಡಿದು ನನ್ನತ್ತಲೇ ನೋಡುತ್ತಿದ್ದರು.

ಮಗಳು ತನ್ನ ಜಾಕೆಟ್ ಬಿಚ್ಚಿ ಚೀಲಕ್ಕೆ ಸುತ್ತಿದಳು. ಅವಳು ಸುತ್ತಿ ಮುಗಿಸುವವರೆಗೂ ನಾನು ವಿವರಿಸುತ್ತಲೇ ಇದ್ದೆ.