ಮಾಸ್ತರ ಮೀಸೆ, ಸಿಸ್ಟರ ಕೈ

ನಮ್ಮ ಪಕ್ಕದ ಮನೆಯ ನಿರ್ಮಲಾ ಸಿಸ್ಟರ್ ಸೂಜಿ ಚುಚ್ಚುವ ಮೊದಲು ಎಂದೂ ಹೇಳಿದವರಲ್ಲ. ಮೂವತ್ತನಾಲ್ಕು ವರ್ಷ ರೋಣದ ಸುತ್ತಲಿನ ಹಳ್ಳಿಗಳಲ್ಲಿ ನರ್ಸ್ ಆಗಿದ್ದರು. "ಎಮ್ಮಿ ಕರ ಹಾಕೇತೇನ್ರಿ?" ಎಂದು ಕೇಳುವರು, ಬೆಳವಣಕಿಯ ರೈತ ಹೂಂ ಅನ್ನುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ನನಗೂ ಹಾಗೆಯೇ ಮೋಸ ಮಾಡಿದ್ದಾರೆ. ಆ ಸಿಟ್ಟು ಇನ್ನೂ ಇದೆ.

ಅವರ ಯಜಮಾನರು ಅಂದಾನಪ್ಪ ಮಾಸ್ತರ್, ನಿವೃತ್ತ ವಿಜ್ಞಾನ ಶಿಕ್ಷಕರು. ಯಾವ ಸಾಮಾನು ಕೆಟ್ಟರೂ ಮನೆಯಲ್ಲೇ ಬಿಚ್ಚಬೇಕು. ಬಿಚ್ಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ; ಜೋಡಿಸುವ ಮಾತು ಬೇರೆ. ಮೂಗಿನ ಕೆಳಗೆ ಪೊದೆಯಂಥ ಮೀಸೆ. ಸಿಸ್ಟರಿಗೆ ಅದನ್ನು ಕಂಡರಾಗದು. "ಅರ್ಧಾ ಮಜ್ಜಿಗಿ ಆ ಮೀಸೀನ ಕುಡಿತೈತಿ" ಎಂದು ನನ್ನ ಮುಂದೆ ಎಷ್ಟು ಸಲ ಗೊಣಗಿದ್ದಾರೋ.

ಹೋದ ರವಿವಾರ ಮಾಸ್ತರ್ ತಮ್ಮ ಹಳೇ ಕಾರಿನ ಮುಂದಿನ ಎರಡೂ ಗಾಲಿ ಬಿಚ್ಚಿದರು. ಬ್ರೇಕ್ ಹಿಡಿಯುವ ಕ್ಯಾಲಿಪರ್‌ಗಳು ತುಕ್ಕು ತಿಂದಿದ್ದವು; ಗದಗಿನಿಂದ ಹೊಸ ಜೋಡಿ ತಂದಿದ್ದರು.

"ಸುಮ್ನ ಗ್ಯಾರೇಜಿಗೆ ಒಯ್ರಿ" ಎಂದರು ಸಿಸ್ಟರ್.

ಮಾಸ್ತರ್ ಎದೆಯುಬ್ಬಿಸಿದರು. "ಸಂಜಿ ಚಾದ ಒಳಗ ಬ್ರೇಕ್ ಗಟ್ಟಿ ಆಗಲಿಲ್ಲಂದ್ರ ಮೀಸಿ ಬೋಳಿಸ್ತೀನಿ. ತಬಸ್ಸುಮ, ನೀನ ಸಾಕ್ಷಿ!" ಎಂದು ಕಟ್ಟೆಯ ಮೇಲೆ ಕುಳಿತಿದ್ದ ನನ್ನತ್ತ ತಿರುಗಿದರು.

ಸಿಸ್ಟರ್ ಮತ್ತೆ ಗ್ಯಾರೇಜಿನ ಹೆಸರೆತ್ತಲಿಲ್ಲ.

ಕ್ಯಾಲಿಪರ್‌ಗಳು ಕೂತವು. ಇನ್ನು ಬ್ರೇಕ್ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯಬೇಕು. ಸಿಸ್ಟರ್ ಸಲೈನ್ ಪೈಪಿನ ತುಂಡು ತಂದು, ಬಗ್ಗಿ, ಕ್ಯಾಲಿಪರಿನ ಗಾಳಿ ಬಿಡುವ ಮೂತಿಗೆ, ಅಂದರೆ ನಿಪ್ಪಲ್‌ಗೆ ತಾವೇ ಸಿಕ್ಕಿಸಿದರು. ಒಂದು ಗಳಿಗೆ ಅಲ್ಲೇ ನೋಡಿದರು. ಆಮೇಲೆ ಹೋಗಿ ಸೀಟಿನಲ್ಲಿ ಕುಳಿತು ಪೆಡಲ್ ಮೇಲೆ ಕಾಲಿಟ್ಟರು.

"ಒತ್ತು... ಒತ್ತು... ಹಿಡಿ!" ಮಾಸ್ತರ್ ನಿಪ್ಪಲ್ ಸಡಿಲಿಸಿದರೆ ಎಣ್ಣೆ ಪೈಪಿನಿಂದ ಬಾಟಲಿಗೆ ಇಳಿಯುತ್ತಿತ್ತು. ಬಿಗಿ ಮಾಡಿ, "ಬಿಡು!" ಮಧ್ಯಾಹ್ನವೆಲ್ಲ ಇದೇ ಮಂತ್ರ. ಎರಡು ಡಬ್ಬಿ ಎಣ್ಣೆ ಮುಗಿದರೂ ಪೆಡಲ್ ಮೆತ್ತಗೆ ಕೆಳಗಿನ ತನಕ ಇಳಿಯುತ್ತಲೇ ಇತ್ತು.

ಚಹಾ ಬಂತು. ಮಾಸ್ತರ್ ದೀನವಾಗಿ ನನ್ನನ್ನು ನೋಡಿದರು. ನಾನು ಕರುಣೆ ತೋರಿಸಲಿಲ್ಲ. "ಮಾತಂದ್ರ ಮಾತರಿ ಸರ್" ಎಂದೆ.

ಪಾಪ, ಕನ್ನಡಿ ಹಿಡಿದು ಕಟ್ಟೆಯ ಮೇಲೆ ಕುಳಿತರು. ಕತ್ತರಿಯನ್ನು ಮೀಸೆಯ ತನಕ ಒಯ್ದು ಮತ್ತೆ ಕೆಳಗಿಳಿಸಿದರು. ಸಿಸ್ಟರ್ ಅದನ್ನು ಇಸಿದುಕೊಂಡು, "ನಮ್ಮ ಮದವಿ ಯಾವ ವಾರ ಆಗಿತ್ತರಿ?" ಎಂದರು. ಮಾಸ್ತರ್ ಗಾಬರಿಯಿಂದ ನೆನಪು ಮಾಡಿಕೊಳ್ಳುವಷ್ಟರಲ್ಲಿ ಎಡಗಡೆಯ ಮೀಸೆ ಮಾಯ. "ಸೋಮವಾರ" ಎಂದಾಗ ಬಲಗಡೆಯದೂ ಹೋಯಿತು. ಉಳಿದದ್ದನ್ನು ರೇಜರ್ ನೋಡಿಕೊಂಡಿತು.

ಟವೆಲಿನಿಂದ ಅವರ ಮುಖ ಒರೆಸುತ್ತ ಸಿಸ್ಟರ್ ಹೇಳಿದರು: "ಎಡಗಡೀ ಕ್ಯಾಲಿಪರ್ ಬಲಕ್ಕ, ಬಲಗಡೀದು ಎಡಕ್ಕ ಹಾಕೀರಿ. ಅದಕ್ಕ ನಿಪ್ಪಲ್ ಕೆಳಗ ಮಾರಿ ಮಾಡೇತಿ. ಸಿರಿಂಜಿನ್ಯಾಗಿನ ಗಾಳಿ ತಗ್ಯಾಕ ನಾವು ಸೂಜಿ ಮ್ಯಾಲ ಮಾಡಿ ಹಿಡಿತೀವಿ. ಗಾಳಿ ಮ್ಯಾಲ ಹೋಗ್ತೈತಿ ಅಂತ ಸಾಲ್ಯಾಗ ನೀವ ಕಲಿಸ್ತಿದ್ರೆಲ್ಲ?"

"ನಿನಗ ಯಾವಾಗ ಗೊತ್ತಾತು?"

"ಪೈಪ್ ಹಚ್ಚೂಮುಂದನ."

ಕ್ಯಾಲಿಪರ್‌ಗಳನ್ನು ಅದಲುಬದಲು ಮಾಡಿ ಮತ್ತೆ ಗಾಳಿ ತೆಗೆದದ್ದೇ ತಡ, ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಮಾಸ್ತರ್ ಅದನ್ನು ನನಗೆ ತೋರಿಸಲು ಬಂದರು. ಸಿಸ್ಟರ್ ನಡುವೆ ನಿಂತು, "ಮದವಿ ಆಗಿ ಮೂವತ್ತೊಂದು ವರ್ಷಕ್ಕ ನಿಮ್ಮ ತುಟಿ ಕಂಡ್ವು ನೋಡ್ರಿ" ಎಂದು ಅವರ ಗಲ್ಲ ಹಿಂಡಿದರು.

ಮಾಸ್ತರ್ ಕಿವಿಯ ತನಕ ಕೆಂಪಾದರು. ನಾನು ಲಗುಬಗೆಯಿಂದ ಖಾಲಿ ಕಪ್ಪು ಕೆಳಗಿಟ್ಟು ಮನೆಗೆ ಬಂದೆ.